ನಲ್ಲಿಯ ಬುಡ ಜಿನುಗುತ್ತಿದೆ, ಏರ್‌ಲಾಕ್ ಸುಮ್ಮನಿದೆ: ಡ್ರಮ್ಮಿಗೆ ಸಿಲಿಕೋನ್ ಬಳಿಯಲೇ?

ಪ್ರಶ್ನೆ: ಮನೆಯಲ್ಲೇ ಬಿಯರ್ ಹುದುಗಿಸಲು 30 ಲೀಟರಿನ ಬಿಳಿ ಪ್ಲಾಸ್ಟಿಕ್ ಡ್ರಮ್ಮಿಗೆ ನಾನೇ ತೂತು ಕೊರೆದು, ಕೆಳಗೆ ನಲ್ಲಿ, ಮುಚ್ಚಳದಲ್ಲಿ ಏರ್‌ಲಾಕ್ (ಒಳಗಿನ ಅನಿಲವನ್ನು ನೀರಿನ ಮೂಲಕ ಹೊರಬಿಟ್ಟು, ಹೊರಗಾಳಿಯನ್ನು ತಡೆಯುವ ಪುಟ್ಟ ಕೊಳವೆ) ಕೂರಿಸಿದ್ದೇನೆ. 22 ಲೀಟರ್ ಮಾಲ್ಟ್ ರಸ ತುಂಬಿ ಯೀಸ್ಟ್ ಹಾಕಿ ಮೂರು ದಿನವಾಯಿತು. ಏರ್‌ಲಾಕ್‌ನಲ್ಲಿ ಒಂದು ಗುಳ್ಳೆಯೂ ಎದ್ದಿಲ್ಲ. ನಲ್ಲಿಯ ಬುಡದಲ್ಲಿ ಗಂಟೆಗೆ ಒಂದೆರಡು ಹನಿ ಜಿನುಗುತ್ತದೆ. ತುಂಬುವ ಮೊದಲೇ ಟೆಫ್ಲಾನ್ ಟೇಪ್ ಸುತ್ತಿದ್ದೆ, ಪ್ರಯೋಜನವಾಗಲಿಲ್ಲ. ಬಚ್ಚಲುಮನೆಗೆ ತಂದ ಸಿಲಿಕೋನ್ ಟ್ಯೂಬ್ ಉಳಿದಿದೆ. ಅದನ್ನು ನಲ್ಲಿಯ ಸುತ್ತಲೂ ಮುಚ್ಚಳದ ಅಂಚಿಗೂ ಬಳಿಯಬಹುದೇ? ಗಾಳಿಯಾಡದಂತೆ ಬಿಗಿದರೆ ಡ್ರಮ್ ಸಿಡಿಯುತ್ತದೆ ಎಂದು ಒಬ್ಬರು ಹೆದರಿಸುತ್ತಾರೆ, ಬಿಗಿಯದಿದ್ದರೆ ಎಲ್ಲ ವಿನಿಗರ್ ಆಗುತ್ತದೆ ಎಂದು ಇನ್ನೊಬ್ಬರು. ಯಾರ ಮಾತು ಸರಿ? ಇದನ್ನು ಚೆಲ್ಲಿಬಿಡಬೇಕೆ?

ಉತ್ತರ: ಚೆಲ್ಲಬೇಡಿ. ಸಿಲಿಕೋನ್ ಟ್ಯೂಬ್ ಇದ್ದಲ್ಲೇ ಇರಲಿ. ನಿಮ್ಮ ಡ್ರಮ್ಮಿನಲ್ಲಿ ಹುದುಗುವ ಕೆಲಸ ನಡೆದೇ ಇರುವ ಸಾಧ್ಯತೆ ಹೆಚ್ಚು. ಅನಿಲ ಏರ್‌ಲಾಕ್ ಬಿಟ್ಟು ಬೇರೆ ದಾರಿ ಹಿಡಿದಿದೆ, ಅಷ್ಟೆ.

ನಿಮ್ಮಲ್ಲಿರುವುದು ಎರಡು ಸೋರಿಕೆ. ಮೇಲೆ ಅನಿಲ, ಕೆಳಗೆ ರಸ. ಕಾರಣ ಬೇರೆ, ಮದ್ದು ಬೇರೆ, ಅವಸರವೂ ಬೇರೆ. ಎರಡಕ್ಕೂ ಒಪ್ಪುವ ಮಾತು ಒಂದೇ: ಈ ಜಾತಿಯ ಪ್ಲಾಸ್ಟಿಕ್ಕಿನಲ್ಲಿ ಸೋರಿಕೆ ನಿಲ್ಲುವುದು ರಬ್ಬರನ್ನು ಸರಿಯಾಗಿ ಒತ್ತಿ ಕೂರಿಸಿದಾಗ. ಅಂಟು ಬಳಿದು ನಿಲ್ಲಿಸಿದ್ದು ಹೆಚ್ಚು ದಿನ ಬಾಳುವುದಿಲ್ಲ.

ಸಿಡಿಯುತ್ತದೆಯೇ?

ಹೆದರಿಸಿದವರ ಮಾತಿನಲ್ಲಿ ಹುರುಳಿದೆ. 22 ಲೀಟರ್ ರಸದ ಸಾಂದ್ರತೆ (ನೀರಿನದ್ದು 1.000 ಎಂದುಕೊಂಡರೆ) 1.050ರಿಂದ 1.010ಕ್ಕೆ ಇಳಿಯುವಷ್ಟರಲ್ಲಿ ಯೀಸ್ಟ್ ಸುಮಾರು 1.9 ಕಿಲೋ ಸಕ್ಕರೆಯಂಶ ತಿಂದಿರುತ್ತದೆ. ಅದರಿಂದ ಹೊರಡುವ ಇಂಗಾಲದ ಡೈಆಕ್ಸೈಡ್, ಕೋಣೆಯ ಉಷ್ಣತೆಯಲ್ಲಿ, 450 ಲೀಟರಿಗೂ ಮಿಗಿಲು. ಡ್ರಮ್ಮಿನಲ್ಲಿ ಖಾಲಿ ಉಳಿದಿರುವ ಜಾಗ 8 ಲೀಟರ್. ಹೊರದಾರಿಯೇ ಇಲ್ಲದಿದ್ದರೆ ಏನಾಗುತ್ತದೆಂದು ನೀವೇ ಊಹಿಸಬಹುದು.

ಮುಚ್ಚಳದ ಅಡ್ಡಳತೆ 30 ಸೆಂಟಿಮೀಟರ್ ಎಂದುಕೊಳ್ಳೋಣ. ಅದರ ವಿಸ್ತೀರ್ಣ ಸುಮಾರು 700 ಚದರ ಸೆಂಟಿಮೀಟರ್. ಒಳಗೆ ಚದರ ಸೆಂಟಿಮೀಟರಿಗೆ ಬರೀ 100 ಗ್ರಾಂ ಒತ್ತಡ ಕಟ್ಟಿದರೂ ಮುಚ್ಚಳವನ್ನು ಒಳಗಿನಿಂದ 70 ಕಿಲೋ ನೂಕುತ್ತದೆ, ಬೆಳೆದ ಆಳೊಬ್ಬನ ತೂಕ. ಒತ್ತಡ ತಡೆಯಲು ಈ ಡ್ರಮ್ಮುಗಳನ್ನು ಮಾಡಿಲ್ಲ. ಆದರೆ ಏರ್‌ಲಾಕ್ ತೆರೆದಿದ್ದರೆ ಲೆಕ್ಕವೇ ಬೇರೆ. ಅದರಲ್ಲಿ ನಿಲ್ಲುವ ನೀರು ಸುಮಾರು 2 ಸೆಂಟಿಮೀಟರ್ ಎತ್ತರ; ಅಂದರೆ ಚದರ ಸೆಂಟಿಮೀಟರಿಗೆ 2 ಗ್ರಾಂ, ಇಡೀ ಮುಚ್ಚಳಕ್ಕೆ ಒಂದೂವರೆ ಕಿಲೋದೊಳಗೆ. ನಿಮ್ಮ ಮುಚ್ಚಳ ತಡೆದುಕೊಳ್ಳಬೇಕಾದ್ದು ಇಷ್ಟೇ. ಹಾಗಾಗಿ ಏರ್‌ಲಾಕ್ ತೆರೆದಿರುವವರೆಗೆ ಮುಚ್ಚಳ ಎಷ್ಟು ಬಿಗಿಯಾಗಿದ್ದರೂ ಸಿಡಿಯುವ ಭಯವಿಲ್ಲ. ಭಯ ಇರುವುದು ಅದು ಕಟ್ಟಿಕೊಂಡಾಗ. ನೊರೆಯೊಂದಿಗೆ ಹಾಪ್ಸ್ (ಬಿಯರಿಗೆ ಕಹಿ ಕೊಡುವ ಹೂ) ಚೂರೋ ಹಣ್ಣಿನ ತಿರುಳೋ ಮೇಲೆದ್ದು ಏರ್‌ಲಾಕ್‌ನ ಕೊಳವೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಮೊದಲ ಮೂರ್ನಾಲ್ಕು ದಿನ ದಿನಕ್ಕೆರಡು ಸಲ ನೋಡಿ. ಮುಚ್ಚಳ ಉಬ್ಬಿದ್ದು ಕಂಡರೆ ಅದರ ಮೇಲೆ ಮುಖ ಬಗ್ಗಿಸಬೇಡಿ. ದಪ್ಪ ಟವೆಲ್ ಹೊದಿಸಿ ಒಂದು ಅಂಚನ್ನು ನಿಧಾನ ಸಡಿಲಿಸಿ. ನೊರೆ ಹೆಚ್ಚು ಬರುವ ಗೋಧಿ ಬಿಯರ್, ಹಣ್ಣು ಹಾಕಿದ ರಸ ಇಂಥವಕ್ಕೆ ಮೊದಲ ದಿನಗಳಲ್ಲಿ ಏರ್‌ಲಾಕ್ ಬೇಡವೇ ಬೇಡ. ಒಳ ಅಡ್ಡಳತೆ 12 ಮಿಲಿಮೀಟರ್ ಅಥವಾ ಅದಕ್ಕಿಂತ ದೊಡ್ಡ ಕೊಳವೆ ಹಾಕಿ, ಇನ್ನೊಂದು ತುದಿಯನ್ನು ನೀರಿನ ಪಾತ್ರೆಯಲ್ಲಿ ಎರಡು ಸೆಂಟಿಮೀಟರ್ ಮುಳುಗಿಸಿ.

ವಿನಿಗರ್ ಆಗುತ್ತದೆಯೇ?

ಇದೂ ಅರ್ಧ ಸತ್ಯ. ಆಲ್ಕೋಹಾಲನ್ನು ಅಸಿಟಿಕ್ ಆಮ್ಲ ಮಾಡುವ ಬ್ಯಾಕ್ಟೀರಿಯಾಕ್ಕೆ ಆಮ್ಲಜನಕ ಬೇಕೇ ಬೇಕು. ಹುದುಗು ಜೋರಾಗಿರುವಾಗ ಸಂದಿಯಿಂದ ಅನಿಲ ಹೊರಗೆ ನುಗ್ಗುತ್ತಲೇ ಇರುತ್ತದೆ, ಹೊರಗಿನ ಗಾಳಿ ಅದನ್ನು ಎದುರಿಸಿ ಒಳಬರುವುದು ಬಹಳ ಕಡಿಮೆ. ಇಂಗ್ಲೆಂಡಿನ ಯಾರ್ಕ್‌ಷೈರಿನಲ್ಲಿ ಮುಚ್ಚಳವಿಲ್ಲದ ಚೌಕ ತೊಟ್ಟಿಗಳಲ್ಲಿ ಬಿಯರ್ ಹುದುಗಿಸುವ ಪದ್ಧತಿ ಇವತ್ತಿಗೂ ಇದೆ. ಮೊದಲ ಮೂರು ದಿನ ಮುಚ್ಚಳ ಸೋರಿದ್ದರಿಂದ ನಿಮ್ಮ ಬಿಯರ್ ಕೆಟ್ಟಿರಲಾರದು.

ಕೆಡುವ ಕಾಲ ಬರುವುದು ಅನಿಲ ಕಡಿಮೆಯಾದ ಮೇಲೆ, ಸಾಮಾನ್ಯವಾಗಿ ಒಂದು ವಾರದ ನಂತರ. ಆಗ ಕೋಣೆ ತಣ್ಣಗಾಗಿ ಬೆಚ್ಚಗಾದಂತೆಲ್ಲ ಡ್ರಮ್ ಅದೇ ಸಂದಿಯಿಂದ ಉಸಿರಾಡತೊಡಗುತ್ತದೆ. ಇಂಗಾಲದ ಡೈಆಕ್ಸೈಡ್ ಭಾರವಾದ್ದರಿಂದ ಬಿಯರ್ ಮೇಲೆ ಕಂಬಳಿಯಂತೆ ಹೊದ್ದು ಕಾಯುತ್ತದೆ ಎಂಬ ಮಾತನ್ನು ಬಹಳ ಜನ ನಂಬಿದ್ದಾರೆ. ನಂಬಬೇಡಿ. ಅನಿಲಗಳು ಪದರವಾಗಿ ನಿಲ್ಲುವುದಿಲ್ಲ, ಬೆರೆಯುತ್ತವೆ. ಸಂದಿ ಇದ್ದರೆ ಕೆಲವೇ ದಿನಗಳಲ್ಲಿ ಆಮ್ಲಜನಕ ಬಿಯರನ್ನು ಮುಟ್ಟುತ್ತದೆ; ವಿನಿಗರ್ ಆಗುವ ಮೊದಲೇ ಒದ್ದೆ ರಟ್ಟಿನ ರುಚಿ ಬರುತ್ತದೆ.

ಇನ್ನು ಗುಳ್ಳೆ ಇಲ್ಲದ್ದರಿಂದ ಹುದುಗಿಲ್ಲ ಎಂಬುದು. ಅನಿಲ ಸುಲಭದ ದಾರಿ ನೋಡುತ್ತದೆ. 2 ಸೆಂಟಿಮೀಟರ್ ನೀರನ್ನು ತಳ್ಳುವುದಕ್ಕಿಂತ ಮುಚ್ಚಳದ ಸಂದಿಯೇ ಹಗುರವಾದರೆ ಅಲ್ಲಿಂದಲೇ ಹೋಗುತ್ತದೆ. ಗುಳ್ಳೆ ಬಂದರೂ ಅದು ಹುದುಗಿನ ಸಾಕ್ಷಿಯಲ್ಲ, ಕೋಣೆ ಬೆಚ್ಚಗಾದರೂ ಬರುತ್ತದೆ. ನಂಬಬೇಕಾದ್ದು ರಸದಲ್ಲಿ ತೇಲಿಬಿಟ್ಟು ಸಾಂದ್ರತೆ ಅಳೆಯುವ ಹೈಡ್ರೋಮೀಟರನ್ನು. ಸೋಂಕು ತೊಳೆದ ಪಿಪೆಟ್‌ನಿಂದ ಮೇಲಿನಿಂದ ಸ್ವಲ್ಪ ರಸ ತೆಗೆದು ಅಳೆಯಿರಿ. ಆರಂಭದ ಅಂಕಿಗಿಂತ ಸ್ಪಷ್ಟವಾಗಿ ಇಳಿದಿದ್ದರೆ ಎಲ್ಲ ಸರಿಯಿದೆ. ಅಳೆದ ರಸವನ್ನು ಡ್ರಮ್ಮಿಗೆ ಮರಳಿ ಸುರಿಯಬೇಡಿ.

ಸಿಲಿಕೋನ್ ಯಾಕೆ ಬೇಡ

ಸಾಮಾನ್ಯ ಸಿಲಿಕೋನ್ ಗಟ್ಟಿಯಾಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ, ಮೂಗಿಗೆ ಹೊಡೆಯುವ ವಿನಿಗರ್ ವಾಸನೆ ಅದೇ. ಪೂರ್ತಿ ಒಣಗಿದ ಮೇಲೆ ಅದು ಹೋಗುತ್ತದೆ, ಹಾಗಾಗಿ ನನ್ನ ತಕರಾರು ಅದಲ್ಲ. ಬಚ್ಚಲುಮನೆಗೆಂದೇ ಮಾರುವ ಟ್ಯೂಬಿನಲ್ಲಿ ಬೂಷ್ಟು ಹಿಡಿಯದಿರಲೆಂದು ಶಿಲೀಂಧ್ರನಾಶಕ ಬೆರೆಸಿರುತ್ತಾರೆ. ಕುಡಿಯುವ ವಸ್ತುವಿಗೆ ಅದು ತಾಗಕೂಡದು; ಸಾಲದ್ದಕ್ಕೆ ಯೀಸ್ಟ್ ಕೂಡ ಶಿಲೀಂಧ್ರವೇ.

ಆಹಾರಕ್ಕೆ ಯೋಗ್ಯವಾದ ಸಿಲಿಕೋನ್ ತಂದರೂ ಇನ್ನೊಂದು ತೊಡಕಿದೆ. ಇಂಥ ಡ್ರಮ್ಮುಗಳು ಸಾಮಾನ್ಯವಾಗಿ ಪಾಲಿಥೀನ್ ಅಥವಾ ಪಾಲಿಪ್ರೊಪಿಲೀನ್‌ನವು; ತಳದ ತ್ರಿಕೋನದಲ್ಲಿ 2 ಅಥವಾ 5 ಎಂದು ಇರುತ್ತದೆ. ಈ ಪ್ಲಾಸ್ಟಿಕ್ಕುಗಳ ಮೈಗೆ ಏನೂ ಅಂಟುವುದಿಲ್ಲ. ಬಳಿದ ಸಿಲಿಕೋನ್ ಒಣಗಿದಾಗ ಭದ್ರವಾಗಿ ಕಾಣುತ್ತದೆ. ಉಗುರಿನಿಂದ ಒಂದು ತುದಿ ಎಬ್ಬಿಸಿ ಎಳೆದರೆ ಪಟ್ಟಿ ಪಟ್ಟಿಯಾಗಿ ಸುಲಿದು ಬರುತ್ತದೆ. ಅದರ ಹಿಂದೆ ಕೂದಲೆಳೆಯಷ್ಟು ಸಂದಿಯಲ್ಲಿ ರಸ ಹೋಗಿ ನಿಲ್ಲುತ್ತದೆ, ಅದನ್ನು ಯಾವ ಬ್ರಷ್ಷೂ ಮುಟ್ಟಲಾರದು. ಎಪಾಕ್ಸಿ, ಗ್ಲೂ ಗನ್, ಸೂಪರ್ ಗ್ಲೂ ಎಲ್ಲದರ ಗತಿಯೂ ಇಷ್ಟೇ. ಅಂದಹಾಗೆ, ತ್ರಿಕೋನದ ಅಂಕಿ ಪ್ಲಾಸ್ಟಿಕ್ಕಿನ ಜಾತಿ ಹೇಳುತ್ತದೆಯೇ ಹೊರತು ಆಹಾರಕ್ಕೆ ಯೋಗ್ಯವೇ ಎಂಬುದನ್ನಲ್ಲ. ಅದಕ್ಕೆ ಲೋಟ ಮತ್ತು ಫೋರ್ಕ್ ಗುರುತು ನೋಡಿ. ಮೊದಲು ಬಣ್ಣ, ಸೋಪು, ರಾಸಾಯನಿಕ ತುಂಬಿದ್ದ ಡ್ರಮ್ ಎಷ್ಟು ತೊಳೆದರೂ ಬೇಡ.

ನಲ್ಲಿಯ ಬುಡ

ಟೆಫ್ಲಾನ್ ಟೇಪ್ ಇಲ್ಲಿ ಕೆಲಸ ಮಾಡದ್ದರಲ್ಲಿ ಆಶ್ಚರ್ಯವಿಲ್ಲ. ತುದಿಗೆ ಹೋದಂತೆ ಸಣ್ಣದಾಗುವ, ಬಿಗಿದಷ್ಟೂ ಕಚ್ಚಿಕೊಳ್ಳುವ ಥ್ರೆಡ್ಡಿಗೆ ಆ ಟೇಪು. ಡ್ರಮ್ ನಲ್ಲಿಯ ಥ್ರೆಡ್ ಉದ್ದಕ್ಕೂ ಒಂದೇ ಗಾತ್ರ; ನಟ್ಟನ್ನು ಹಿಡಿದಿಡುವುದಷ್ಟೇ ಅದರ ಕೆಲಸ. ನೀರನ್ನು ತಡೆಯುವುದು ವಾಷರ್.

ವಾಷರ್ ಯಾವ ಕಡೆ ಇರಬೇಕು ಎಂಬಲ್ಲೇ ಬಹುಪಾಲು ಜನ ಎಡವುವುದು. ನಲ್ಲಿಯ ಮೈಗೇ ಕೂಡಿಕೊಂಡಿರುವ ದುಂಡು ಕಾಲರ್ ಇದೆಯಲ್ಲ, ಅದಕ್ಕೂ ಡ್ರಮ್ಮಿನ ಗೋಡೆಗೂ ನಡುವೆ ವಾಷರ್ ಇರಲೇಬೇಕು. ನಟ್ಟಿನ ಕಡೆ ಮಾತ್ರ ಹಾಕಿದರೆ ರಸ ನಟ್ಟಿನ ಥ್ರೆಡ್ ಹಿಡಿದು ತೂತಿನೊಳಗೆ ಇಳಿದು, ಕಾಲರ್ ಅಡಿಯಿಂದ ಹೊರಗೆ ಜಿನುಗುತ್ತದೆ. ನಿಮ್ಮ ನಲ್ಲಿಯ ಕಾಲರ್ ಹೊರಗಿದ್ದು ನಟ್ ಒಳಗಿದ್ದರೆ, ಹೊರಗಿನ ವಾಷರೇ ಮುಖ್ಯ. ಒಳಗೂ ಒಂದು ಹಾಕಿ; ತೂತಿನ ಸಂದಿಗೆ ಕೊಳೆ ಹೋಗುವುದು ಕಡಿಮೆಯಾಗುತ್ತದೆ.

ಇನ್ನೊಂದು ಕಾರಣ ಡ್ರಮ್ಮಿನ ದುಂಡು ಮೈ. 30 ಸೆಂಟಿಮೀಟರ್ ಅಡ್ಡಳತೆಯ ಡ್ರಮ್ಮಿಗೆ 40 ಮಿಲಿಮೀಟರ್ ಅಗಲದ ಚಪ್ಪಟೆ ಕಾಲರ್ ಒತ್ತಿದರೆ ಎರಡು ಅಂಚಿನಲ್ಲಿ 1.3 ಮಿಲಿಮೀಟರ್ ಸಂದಿ ಉಳಿಯುತ್ತದೆ. ಕಾಲರ್ 60 ಮಿಲಿಮೀಟರ್ ಆದರೆ ಸಂದಿ 3 ಮಿಲಿಮೀಟರ್. ನಲ್ಲಿಯ ಜೊತೆ ಬರುವ ಗಟ್ಟಿ, ತೆಳು ವಾಷರ್ ಇದನ್ನು ತುಂಬಲಾರದು. ಸಣ್ಣ ಕಾಲರಿನ ನಲ್ಲಿ, 3 ಮಿಲಿಮೀಟರ್ ದಪ್ಪದ ಮೆತ್ತನೆಯ ವಾಷರ್ ಆಯ್ದುಕೊಳ್ಳಿ. ಆಹಾರಕ್ಕೆ ಯೋಗ್ಯವಾದ ಸಿಲಿಕೋನ್, ಇಪಿಡಿಎಂ, ನೈಟ್ರೈಲ್ ಈ ಮೂರು ಜಾತಿಯ ರಬ್ಬರೂ ನಡೆಯುತ್ತವೆ. ಸೈಕಲ್ ಟ್ಯೂಬ್ ಕತ್ತರಿಸಿ ಹಾಕಿದರೆ ಸೋರಿಕೆಯೇನೋ ನಿಲ್ಲುತ್ತದೆ, ಬಿಯರ್ ಟೈರಿನಂತೆ ನಾರುತ್ತದೆ.

ತೂತನ್ನೂ ಒಮ್ಮೆ ಪರೀಕ್ಷಿಸಿ. ಅರ್ಧ ಇಂಚಿನ ನಲ್ಲಿಯ ಥ್ರೆಡ್ಡಿನ ಹೊರ ಅಡ್ಡಳತೆ ಸುಮಾರು 21 ಮಿಲಿಮೀಟರ್, ಮುಕ್ಕಾಲು ಇಂಚಿನದ್ದು 26.4; ಆದರೂ ಕೊರೆಯುವ ಮುನ್ನ ಕೈಯಲ್ಲಿರುವುದನ್ನೇ ಅಳೆಯಿರಿ. ತೂತು ಅದಕ್ಕಿಂತ ಅರ್ಧದಿಂದ ಒಂದು ಮಿಲಿಮೀಟರ್ ದೊಡ್ಡದಿದ್ದರೆ ಸಾಕು. ತಳದ ಗಸಿ ನಲ್ಲಿಗೆ ಬರದಂತೆ ಮಧ್ಯಬಿಂದು ತಳದಿಂದ 4–5 ಸೆಂಟಿಮೀಟರ್ ಮೇಲಿರಲಿ. ಹಿಂದೆ ಮರದ ತುಂಡು ಆನಿಸಿ, ಹೋಲ್ ಸಾ ಅಥವಾ ಮೆಟ್ಟಿಲು ಡ್ರಿಲ್ಲನ್ನು ನಿಧಾನ ತಿರುಗಿಸಿ. ಕೊರೆದ ಮೇಲೆ ಅಂಚಿನಲ್ಲಿ ಉಳಿಯುವ ಸಿಬಿರನ್ನು ಬ್ಲೇಡಿನಿಂದ ಹೆರೆದು ತೆಗೆಯಿರಿ. ವಾಷರ್ ಕೂರುವ ಜಾಗದಲ್ಲಿ ತೂತಿನಿಂದ ಹೊರಕ್ಕೆ ಓಡುವ ಒಂದು ಗೀರು ಇದ್ದರೂ ರಸಕ್ಕೆ ಅದೇ ಕಾಲುವೆ.

ಬಿಗಿಯುವಾಗ ವಾಷರನ್ನು ಒದ್ದೆ ಮಾಡಿ, ನಲ್ಲಿಯನ್ನು ಅಲುಗದಂತೆ ಹಿಡಿದು ನಟ್ಟನ್ನು ಮಾತ್ರ ತಿರುಗಿಸಿ. ನಲ್ಲಿಯನ್ನೇ ತಿರುಗಿಸಿದರೆ ವಾಷರ್ ಜೊತೆಗೆ ತಿರುಚಿಕೊಂಡು ಒಂದು ಕಡೆ ಉಬ್ಬುತ್ತದೆ. ಕೈಬಿಗಿ ಆದ ಮೇಲೆ ಕಾಲು ಸುತ್ತು, ಅಷ್ಟೇ. ವಾಷರ್ ಕಾಲರಿನಿಂದ ಹೊರಗೆ ಇಣುಕಿದರೆ ಹೆಚ್ಚಾಯಿತೆಂದು ಅರ್ಥ. ಈ ಪ್ಲಾಸ್ಟಿಕ್ ಒತ್ತಿದ ಕಡೆ ನಿಧಾನವಾಗಿ ತಗ್ಗುವುದರಿಂದ ಮಾರನೆಯ ದಿನ ನಟ್ಟನ್ನು ಇನ್ನೊಮ್ಮೆ ಮುಟ್ಟಿ ನೋಡಿ. ಕುದಿಯುವ ನೀರು ಹಾಕಿ ತೊಳೆದರೆ ಇದು ಬೇಗ ಆಗುತ್ತದೆ, ಹಾಕಬೇಡಿ.

ಮುಚ್ಚಳ

ಪಟ್ಟೆಂದು ಒತ್ತಿ ಕೂರಿಸುವ ಮುಚ್ಚಳವಾದರೆ ಡ್ರಮ್ಮಿನ ಬಾಯಂಚಿನ ಮೇಲೆ ಬೆರಳಾಡಿಸಿ. ಅಚ್ಚಿನ ಗೆರೆ ಉಬ್ಬಿರುವುದು ಕೈಗೆ ಸಿಗುತ್ತದೆ. ಬ್ಲೇಡಿನಿಂದ ಸಮ ಮಾಡಿ. ಮುಚ್ಚಳವನ್ನು ಸ್ವಲ್ಪ ಹೊತ್ತು ಬಿಸಿನೀರಿನಲ್ಲಿ ಇಟ್ಟು ಮೆತ್ತಗಾದಾಗ ಸುತ್ತಲೂ ಒತ್ತಿದರೆ ಕೆಲವು ಸಲ ಅಷ್ಟಕ್ಕೇ ಸೋರಿಕೆ ನಿಲ್ಲುತ್ತದೆ. ತಿರುಗಿಸುವ ಅಥವಾ ಉಂಗುರದಿಂದ ಬಿಗಿಯುವ ಮುಚ್ಚಳದಲ್ಲಿ ಗ್ಯಾಸ್ಕೆಟ್ (ಅಂಚಿನ ರಬ್ಬರ್ ಬಳೆ) ಬದಲಿಸುವುದೇ ದಾರಿ. ಇಪಿಡಿಎಂ ಅಥವಾ ನೈಟ್ರೈಲ್ ಹಗ್ಗದಿಂದ ನೀವೇ ಮಾಡಿಕೊಳ್ಳುವುದಾದರೆ ತುದಿಗಳನ್ನು ಓರೆಯಾಗಿ ಕತ್ತರಿಸಿ ಸೂಪರ್ ಗ್ಲೂನಿಂದ ಕೂಡಿಸಿ. ಈ ರಬ್ಬರುಗಳಿಗೆ ಅದು ಚೆನ್ನಾಗಿ ಹಿಡಿಯುತ್ತದೆ, ಸಿಲಿಕೋನ್‌ಗೆ ಹಿಡಿಯುವುದಿಲ್ಲ. ಸಿಲಿಕೋನ್ ಮೂಲಕ ಆಮ್ಲಜನಕ ಉಳಿದ ರಬ್ಬರುಗಳಿಗಿಂತ ಬಹಳ ಸುಲಭವಾಗಿ ನುಸುಳುತ್ತದೆ. ನಲ್ಲಿಯ ಪುಟ್ಟ ವಾಷರಿನಲ್ಲಿ ಅದು ಲೆಕ್ಕಕ್ಕಿಲ್ಲ, ಸುಮಾರು ಒಂದು ಮೀಟರ್ ಉದ್ದದ ಮುಚ್ಚಳದ ಗ್ಯಾಸ್ಕೆಟ್ಟಿಗೆ ಇಪಿಡಿಎಂ ವಾಸಿ. ವ್ಯಾಸಲೀನ್ ಬಳಿಯುವ ಉಪಾಯ ಬಿಡಿ. ಇಪಿಡಿಎಂ ಉಬ್ಬಿ ಕೆಡುತ್ತದೆ, ಜಿಡ್ಡು ಬಿಯರಿಗೆ ಬಿದ್ದರೆ ನೊರೆಯೂ ನಿಲ್ಲುವುದಿಲ್ಲ.

ಏನೂ ಬದಲಿಸದೆ ಈಗಲೇ ಮಾಡಬಹುದಾದ್ದು: ಏರ್‌ಲಾಕ್ ಬಿಟ್ಟು ಮುಚ್ಚಳದ ಅಂಚಿನ ಮೇಲೆ ಸಮನಾಗಿ ಕೂರುವಂತೆ ಒಂದು ಹಲಗೆ, ಅದರ ಮೇಲೆ ನಾಲ್ಕು ಕಿಲೋ ಭಾರ. ಅನಿಲ ನೂಕುವುದು ಒಂದೂವರೆ ಕಿಲೋ, ಹಾಗಾಗಿ ಸಾಮಾನ್ಯವಾಗಿ ಏರ್‌ಲಾಕ್ ಮಾತಾಡತೊಡಗುತ್ತದೆ. ಕ್ಲ್ಯಾಂಪ್ ಹಾಕಿ ಬಿಗಿಯುವುದಕ್ಕಿಂತ ಇದು ನನಗೆ ಹಿಡಿಸುತ್ತದೆ. ಏರ್‌ಲಾಕ್ ಕಟ್ಟಿಕೊಂಡರೂ ಭಾರ ಇಟ್ಟ ಮುಚ್ಚಳ ತುಸು ಎದ್ದು ಅನಿಲ ಬಿಡುತ್ತದೆ; ಕ್ಲ್ಯಾಂಪ್ ಬಿಡುವುದಿಲ್ಲ.

ಸೋರಿಕೆ ಮುಚ್ಚಳದ್ದಲ್ಲದೆ, ಏರ್‌ಲಾಕ್ ಕೂರುವ ರಬ್ಬರ್ ಬಳೆಯದ್ದೂ (ಗ್ರೊಮೆಟ್) ಆಗಿರಬಹುದು. ಕೈಯಲ್ಲಿ ಹಿಡಿದು ಕೊರೆದ ತೂತು ಮೊಟ್ಟೆಯಾಕಾರಕ್ಕೆ ತಿರುಗುವುದು ಸಾಮಾನ್ಯ. ಮುಚ್ಚಳದ ನಡುವೆ ಮೆಲ್ಲಗೆ ಒತ್ತಿ ಹಿಡಿಯಿರಿ: ಏರ್‌ಲಾಕ್‌ನ ಎರಡು ಬದಿಯ ನೀರು ಏರುಪೇರಾಗಿ ಹಾಗೆಯೇ ನಿಂತರೆ ಎಲ್ಲ ಭದ್ರ. ನಿಧಾನಕ್ಕೆ ಸಮವಾದರೆ ಸೋರಿಕೆ ಇದೆ. ಸೋಪುನೀರಿನ ಬ್ರಷ್ ಆಡಿಸಿದರೆ ಎಲ್ಲೆಂದು ಗುಳ್ಳೆಗಳೇ ತೋರಿಸುತ್ತವೆ. ಆಮೇಲೆ ಸೋಪು ಒರೆಸಿಬಿಡಿ. ಖಾಲಿ ಡ್ರಮ್ ಪರೀಕ್ಷಿಸಲು ಕೊಳವೆಯಿಂದ ಬಾಯಲ್ಲಿ ಮೆಲ್ಲಗೆ ಊದಿದರೆ ಸಾಕು, ಟೈರಿಗೆ ಗಾಳಿ ತುಂಬುವ ಪಂಪ್ ಬೇಡ.

ಈಗ ತುಂಬಿರುವ ಡ್ರಮ್ಮಿಗೆ

ಮೊದಲು ಹನಿ ಎಲ್ಲಿಂದ ಎಂದು ಖಚಿತ ಮಾಡಿಕೊಳ್ಳಿ. ನಲ್ಲಿಯನ್ನು ಒಣಗಿಸಿ, ಕಾಲರ್ ಸುತ್ತ ಒಂದು ಟಿಶ್ಯೂ, ತಿರುಗುವ ಹಿಡಿಯ ಬುಡಕ್ಕೆ ಇನ್ನೊಂದು, ಬಾಯಿಗೆ ಮತ್ತೊಂದು ಸುತ್ತಿ. ಹಿಡಿ ಅಥವಾ ಬಾಯಿಯ ಟಿಶ್ಯೂ ಒದ್ದೆಯಾದರೆ ನಲ್ಲಿಯೇ ಕೆಟ್ಟದ್ದು, ವಾಷರ್ ಬದಲಿಸಿ ಉಪಯೋಗವಿಲ್ಲ.

ಕಾಲರಿನದ್ದೇ ಆದರೆ ಮೂರು ದಾರಿ. ಹಾಗೇ ಬಿಡುವುದು: ಗಂಟೆಗೆ ಎರಡು ಹನಿಯೆಂದರೆ ದಿನಕ್ಕೆ ಎರಡೂವರೆ ಮಿಲಿಲೀಟರ್, ಎರಡು ವಾರಕ್ಕೆ 35. ನಷ್ಟ ಏನೂ ಅಲ್ಲ. ತೊಂದರೆ ಹೊರಗೆ ಅಂಟುವ ಸಿಹಿಗೆ ಬರುವ ಹಣ್ಣಿನ ನೊಣಗಳಿಂದ. ವಿನಿಗರ್ ಬ್ಯಾಕ್ಟೀರಿಯಾವನ್ನು ಹೊತ್ತು ತರುವವು ಅವೇ. ದಿನಕ್ಕೆರಡು ಸಲ ಒರೆಸಿ, ಸೋಂಕುನಿವಾರಕ ಸಿಂಪಡಿಸಿ, ಕೆಳಗೆ ಬಟ್ಟಲಿಡಿ. ಎರಡನೆಯದು, ಹೊರಗಿನಿಂದ ನಲ್ಲಿಯನ್ನು ಬಲಕ್ಕೆ ತುಸು ತಿರುಗಿಸುವುದು. ಒಳಗಿನ ನಟ್ ಜೊತೆಗೆ ತಿರುಗದಿದ್ದರೆ ಬಿಗಿಯಾಗುತ್ತದೆ. ವಾಷರ್ ಜರುಗಿದರೆ ಹನಿ ಧಾರೆಯಾಗುತ್ತದೆ. ಪಕ್ಕದಲ್ಲಿ ಸೋಂಕು ತೊಳೆದ ಇನ್ನೊಂದು ಪಾತ್ರೆಯೂ ಕೊಳವೆಯೂ ಸಿದ್ಧವಿಲ್ಲದೆ ಇದಕ್ಕೆ ಕೈ ಹಾಕಬೇಡಿ. ಮೂರನೆಯದು, ಬೇರೆ ಪಾತ್ರೆಗೆ ಸೈಫನ್ ಮಾಡುವುದು, ಅಂದರೆ ಮೇಲಿನಿಂದ ಕೊಳವೆ ಇಳಿಸಿ ತಗ್ಗಿನ ಪಾತ್ರೆಗೆ ಹರಿಸುವುದು. ಯೀಸ್ಟ್ ಇನ್ನೂ ಚುರುಕಾಗಿರುವುದರಿಂದ ಬೆರೆಯುವ ಅಲ್ಪ ಆಮ್ಲಜನಕವನ್ನು ಅದು ನುಂಗಬಹುದು, ಆದರೂ ಸೋರಿಕೆ ಧಾರೆಯಾಗದ ಹೊರತು ಇದರ ಅಗತ್ಯ ನನಗೆ ಕಾಣುವುದಿಲ್ಲ. ಮೊಣಕೈವರೆಗೆ ಕೈ ಇಳಿಸಿ ನಟ್ ಬಿಗಿಯುವುದಂತೂ ಬೇಡ. ನಿಮ್ಮ ಸ್ಥಿತಿಗೆ ಮೊದಲನೆಯದೇ ನನ್ನ ಆಯ್ಕೆ.

ಬಾಟಲಿಗೆ ತುಂಬುವ ಮುನ್ನ ಎರಡು ಮೂರು ದಿನ ಬಿಟ್ಟು ಎರಡು ಸಲ ಅಳೆದಾಗ ಹೈಡ್ರೋಮೀಟರ್ ಒಂದೇ ಅಂಕಿ ತೋರಿಸಬೇಕು. ಗುಳ್ಳೆ ನಿಂತಿತೆಂದು, ಅದೂ ಸೋರುವ ಡ್ರಮ್ಮಿನ ಗುಳ್ಳೆ ನೋಡಿ, ತುಂಬಿಸಿದರೆ ಗಾಜಿನ ಬಾಟಲಿಗಳು ಸಿಡಿಯುವ ಅಪಾಯ ಡ್ರಮ್ಮಿನದ್ದಕ್ಕಿಂತ ದೊಡ್ಡದು. ತಣ್ಣಗೆ ಮಾಡಿ ತಿಳಿಯಾಗಿಸುವುದಿದ್ದರೆ, 20 ಡಿಗ್ರಿಯಿಂದ 4 ಡಿಗ್ರಿಗೆ ಇಳಿಯುವಾಗ ಮೇಲಿನ 8 ಲೀಟರ್ ಅನಿಲ ಅರ್ಧ ಲೀಟರಿನ ಹತ್ತಿರ ಕುಗ್ಗುತ್ತದೆ, ಸ್ವಲ್ಪ ಬಿಯರಿನಲ್ಲೂ ಕರಗುತ್ತದೆ. ಏರ್‌ಲಾಕ್‌ನ ನೀರು ಒಳಗೆ ಎಳೆದುಕೊಳ್ಳಬಹುದು. ಅದರಲ್ಲಿ ಕುದಿಸಿ ಆರಿಸಿದ ನೀರು ಅಥವಾ ವೋಡ್ಕಾ ಇರಲಿ, ಸೋಂಕುನಿವಾರಕ ಬೇಡ. ಮುಚ್ಚಳ ನಿಜಕ್ಕೂ ಭದ್ರವಾದ ಮೇಲೆ ನಲ್ಲಿ ತೆರೆದರೂ ಇದೇ ಆಗುತ್ತದೆ, ಆದ್ದರಿಂದ ಬಾಟಲಿ ತುಂಬುವಾಗ ಏರ್‌ಲಾಕ್ ಕಿತ್ತು ಆ ತೂತಿನ ಮೇಲೆ ಸೋಂಕುನಿವಾರಕದಲ್ಲಿ ಅದ್ದಿ ಹಿಂಡಿದ ಹತ್ತಿ ಸಡಿಲವಾಗಿ ಇಡಿ.

ಡ್ರಮ್ ಖಾಲಿಯಾದ ಮೇಲೆ ನಲ್ಲಿ ಬಿಚ್ಚಿ, ವಾಷರ್ ಬದಲಿಸಿ, ನೀರು ತುಂಬಿ, ಬುಡಕ್ಕೆ ಟಿಶ್ಯೂ ಸುತ್ತಿ 24 ಗಂಟೆ ಇಡಿ. ಟಿಶ್ಯೂ ಒದ್ದೆಯಾದರೆ, ಅಥವಾ ಪ್ರತಿ ಸಲವೂ ನಲ್ಲಿ ಬಿಚ್ಚಿ ತೊಳೆಯುವ ತಾಳ್ಮೆ ಇಲ್ಲವೆಂದಾದರೆ, ತೂತಿಲ್ಲದ ಹೊಸ ಡ್ರಮ್ ತಂದು ಸೈಫನ್‌ನಿಂದಲೇ ತೆಗೆಯಿರಿ.